ಸಮಾನತೆ ಬಂದ ವಾರ ಹೋದ ಸ್ಟೂಲು

ನಮ್ಮ ಫ್ಯಾಕ್ಟರಿ ಓನರಿಗೆ ಸಮಾನತೆ ಹತ್ತಿಕೊಂಡಿದ್ದು ಎರಡು ದಿನದ ಟ್ರೈನಿಂಗಿನಲ್ಲಿ. ಯಾವುದೋ ದೊಡ್ಡ ಹೋಟೆಲಿನಲ್ಲಿ ಊಟ ಸಮೇತ ಹೇಳಿಕೊಟ್ಟರಂತೆ. ಸೋಮವಾರ ಬಂದವರೇ ಗೇಟಿನ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿದರು: 'ಇಲ್ಲಿ ಎಲ್ಲರೂ ಸಮಾನರು'. ಪೀಣ್ಯದಲ್ಲಿ ಗೋಡೆಗೆ ಪೇಂಟ್ ಹೊಡೆಸೋದು ಅಗ್ಗ, ಶೆಡ್ಡಿಗೆ ಫ್ಯಾನ್ ಹಾಕಿಸೋದು ದುಬಾರಿ. ಆಮೇಲೆ ಎಲ್ಲರಿಗೂ ಒಂದೇ ನೀಲಿ ಟೀ ಶರ್ಟು ಬಂತು. ಅವರೂ ಒಂದು ತೊಟ್ಟರು, ಹೊಟ್ಟೆ ಹತ್ತಿರ ಬಿಗಿ. ಮಧ್ಯಾಹ್ನ ನಮ್ಮ ಜೊತೆ ಸಾಲಲ್ಲಿ ನಿಂತು ಅನ್ನ ಸಾಂಬಾರ್ ಹಾಕಿಸಿಕೊಂಡರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟದೆ ಏನು ಮಾಡೋದು, ಅದನ್ನೂ ಮೊಬೈಲಲ್ಲಿ ವಿಡಿಯೋ ಮಾಡಿಸ್ತಿದ್ದರು. ಊಟ ಆದಮೇಲೆ ಅವರು ಏಸಿ ರೂಮಿಗೆ ಹೋದರು, ನಾವು ಶೆಡ್ಡಿಗೆ ಹೋದೆವು.

ನನ್ನ ಕೆಲಸ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ. ಕಬ್ಬಿಣ ಕಡೆಯೋ ಲೇತ್ ಮಷೀನಿನಿಂದ ಇಳಿದ ಬುಷ್ ಅಂದರೆ ಉಂಗುರದಂಥ ಕಬ್ಬಿಣದ ತುಂಡು. ಅದರ ತೂತಿನೊಳಗೆ ಗೇಜು ಅನ್ನೋ ಅಳತೆಕಡ್ಡಿ ಹಾಕಿ ನೋಡಬೇಕು. ಅಳತೆ ಸರಿಯಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟು. ನಾವು ನಾಲ್ಕು ಜನ ಹೆಂಗಸರು, ಎಂಟು ಗಂಟೆ ನಿಂತೇ ಕೆಲಸ. ತಪ್ಪು, ನಿಲ್ಲೋರು ಮೂವರೇ. ನಮ್ಮಲ್ಲಿ ಹಿರಿಯಳಾದ ಅಕ್ಕನಿಗೆ ಒಂದು ಸ್ಟೂಲಿತ್ತು. ಬಾಗಲಗುಂಟೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವಳ ಮನೆ. ನನ್ನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದ್ದೂ ಅವಳೇ. ಅವಳು ಬಸ್ಸಿಂದ ಬಿದ್ದು ಮಂಡಿ ಹಾಳು ಮಾಡಿಕೊಂಡಾಗ ವೆಲ್ಡರ್ ಅಣ್ಣ ಉಳಿದ ಪೈಪ್ ತುಂಡುಗಳನ್ನು ಸೇರಿಸಿ ಅದನ್ನು ಮಾಡಿಕೊಟ್ಟಿದ್ದ. ಗಂಡ ಇಲ್ಲದ ಹೆಂಗಸು, ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಬಾಕಿ. ಆ ಸ್ಟೂಲಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅದು ನಮಗೆಲ್ಲ ಗೊತ್ತಿತ್ತು.

ಗೊತ್ತಿದ್ದೂ ನನಗೆ ಹೊಟ್ಟೆಕಿಚ್ಚು. ಸಂಜೆ ಹೊತ್ತಿಗೆ ನನ್ನ ಹಿಮ್ಮಡಿ ಸಿಡೀತಿರುವಾಗ ಅವಳು ಆರಾಮಾಗಿ ಕೂತು ಗೇಜು ತಿರುಗಿಸೋದು ನೋಡಿದರೆ ಮೈಯೆಲ್ಲ ಉರಿಯೋದು.

ಆ ಶನಿವಾರ ಮೀಟಿಂಗಿನಲ್ಲಿ ಓನರು, 'ಸಮಾನತೆ ಬಗ್ಗೆ ಯಾರಿಗೆ ಏನು ಕೇಳ್ಬೇಕೋ ಧೈರ್ಯವಾಗಿ ಕೇಳಿ' ಅಂದರು. ನಾನು ಕೈ ಎತ್ತಿದೆ.

'ಸಾರ್, ಎಲ್ಲರೂ ಸಮಾನ ಅಂದ್ರೆ, ಅಕ್ಕಂಗೆ ಮಾತ್ರ ಯಾಕೆ ಸಾರ್ ಸ್ಟೂಲು?'

ಕೇಳಿದರೆ ನಮಗೂ ಮೂರು ಸ್ಟೂಲು ಬರುತ್ತೆ ಅಂತ ನನ್ನ ಎಣಿಕೆ. ಎಂಥ ಬುದ್ಧಿವಂತೆ ನಾನು. ಓನರ ಮುಖ ಅರಳಿತು. 'ವೆರಿ ಗುಡ್ ಪಾಯಿಂಟ್ ಕಣಮ್ಮ' ಅಂದರು.

ಸೋಮವಾರ ಸ್ಟೂಲೇ ಇರಲಿಲ್ಲ. ನಾಲ್ಕೂ ಜನ ನಿಂತೆವು. ಮೂರು ಹೊಸದು ಮಾಡಿಸೋ ಬದಲು ಇರೋ ಒಂದನ್ನು ಕಿತ್ತುಕೊಂಡರೂ ಸಮಾನತೆ ಬರುತ್ತೆ ಅನ್ನೋ ಜ್ಞಾನ ಆ ಹೋಟೆಲಿನಲ್ಲೇ ಸಿಕ್ಕಿರಬೇಕು. ಕಬ್ಬಿಣದ ಬುಷ್‌ಗಾದರೂ ಡ್ರಾಯಿಂಗಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಅಂತ ಬರೆದಿರುತ್ತಾರೆ. ಹೆಂಗಸಿನ ಮಂಡಿಗೆ ಆ ರಿಯಾಯಿತಿ ಇಲ್ಲ.

ಎರಡು ದಿನ ನೋಡಿ ನನಗೆ ತಡೆಯಲಾಗಲಿಲ್ಲ. ಓನರ ರೂಮಿಗೆ ಹೋಗಿ, 'ಸಾರ್, ಅಕ್ಕಂಗೆ ವಾಪಸ್ ಕೊಟ್ಬಿಡಿ, ನಾನು ಸುಮ್ನೆ ಕೇಳಿದ್ದು' ಅಂದೆ.

'ಒಬ್ರಿಗೆ ಕೊಟ್ರೆ ಉಳಿದೋರಿಗೆ ಅನ್ಯಾಯ ಆಗುತ್ತಮ್ಮ. ನೀನೇ ಹೇಳಿದ್ದಲ್ವಾ' ಅಂದರು, ತಿರುಗೋ ಕುರ್ಚಿಯಲ್ಲಿ ಕೂತು. ಸ್ಟೂಲು ಅಲ್ಲೇ ಕಿಟಕಿ ಪಕ್ಕ ಇತ್ತು. ಅದರ ಮೇಲೆ ಮನಿ ಪ್ಲಾಂಟ್ ಕುಂಡ. ಆ ಫ್ಯಾಕ್ಟರಿಯಲ್ಲಿ ಕೂರೋ ಯೋಗ ಒಂದು ಗಿಡಕ್ಕಿತ್ತು.

ಅಕ್ಕ ಒಂಬತ್ತು ದಿನ ಟೇಬಲ್ ಹಿಡಿದುಕೊಂಡು ನಿಂತಳು. ಹತ್ತನೇ ದಿನ ಮಧ್ಯಾಹ್ನ ಗೇಜು ಒರೆಸಿ ಡಬ್ಬಿಯಲ್ಲಿಟ್ಟು, ಊಟದ ಬುಟ್ಟಿ ಎತ್ತಿಕೊಂಡಳು. ನಾನು ಗೇಟಿನವರೆಗೂ ಹಿಂದೆ ಹೋದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಗೋಡೆ ಬರಹದ ಪಕ್ಕ ಉಸಿರು ತಗೊಳ್ಳೋಕೆ ನಿಂತು, ನನ್ನ ಮುಖ ನೋಡಿದಳು.

'ನಂಗೂ ಒಂದು ಕೊಡಿ ಅಂತ ಕೇಳ್ಬೋದಿತ್ತಲ್ಲೇ. ಅವ್ಳಿಗ್ಯಾಕೆ ಅಂತ ಕೇಳ್ಬಿಟ್ಟೆ.'

ಈಗ ಆ ಜಾಗಕ್ಕೆ ಅವಳ ಮಗಳು ಬಂದಿದ್ದಾಳೆ, ನರ್ಸಿಂಗ್ ಅರ್ಧಕ್ಕೆ ಬಿಟ್ಟು. ದಿನಾ ನನ್ನ ಪಕ್ಕ ನಿಂತು ಗೇಜು ತಿರುಗಿಸುತ್ತಾಳೆ, ಬಾಯಿ ತುಂಬ ಆಂಟಿ ಅಂತಾಳೆ. ಆ ಮೀಟಿಂಗಿನಲ್ಲಿ ಕೈ ಎತ್ತಿದ್ದು ಯಾರು ಅಂತ ಅವಳಿಗೆ ಗೊತ್ತೋ ಇಲ್ಲವೋ, ನಾನು ಕೇಳಿಲ್ಲ.