ಗಾಜಿನಂತಾದ ಗಂಟು

“ಬಾಯಾರ, ನನ್ನ ಹೆಂಡ್ತಿ ಗಂಟಿಂದು ತುಂಡು ಎಲ್ಲಿ ಇಟ್ಟೀರಿ? ಒಮ್ಮಿ ತೋರಸ್ರಿ.”

ಬೆಳಗಾವಿಯ ನಮ್ಮ ಲ್ಯಾಬಿನ ಕಿಟಕಿಯಲ್ಲಿ ನಿಂತಿದ್ದ ಖಾನಾಪುರದ ಹಿರಿಯರೊಬ್ಬರ ಮಾತಿಗೆ ನಾನು ತಬ್ಬಿಬ್ಬಾದೆ. ಅವರ ಪತ್ನಿಯ ಎದೆಯ ಗಂಟಿನಿಂದ ತೆಗೆದ ಚೂರು ಕ್ಯಾನ್ಸರ್ ಪರೀಕ್ಷೆಗೆ ನಮ್ಮಲ್ಲಿಗೆ ಬಂದಿತ್ತು. ವರದಿಗಾಗಿ ಅವರು ಬಂದದ್ದು ಅದು ಮೂರನೇ ಸಲ.

ಚೂರು ಇನ್ನೂ ದ್ರವದಲ್ಲಿತ್ತು, ತೋರಿಸುವಂತಿರಲಿಲ್ಲ. ಹೊರಗೆ ಬಂದು ವಿವರಿಸಿದೆ. ಮೊದಲು ಆಲ್ಕೋಹಾಲಿನಲ್ಲಿಟ್ಟು ಅದರ ನೀರಿನಂಶ ತೆಗೆಯುತ್ತೇವೆ. ಆಮೇಲೆ ಝೈಲೀನ್ ಎಂಬ ದ್ರವದಲ್ಲಿಟ್ಟರೆ ಆಲ್ಕೋಹಾಲ್ ಹೋಗಿ, ಚೂರು ಗಾಜಿನಂತೆ ತಿಳಿಯಾಗುತ್ತದೆ. ಆಗಲೇ ಅದರೊಳಗೆ ಮೇಣ ಇಳಿಯುವುದು, ತೆಳುವಾಗಿ ಕತ್ತರಿಸಲು ಬರುವುದು. ಅವಸರ ಮಾಡಿದರೆ ಎಲ್ಲ ಕೆಡುತ್ತದೆ. ನಾಳೆ ಡಾಕ್ಟರು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಅವರು ತಲೆಯಾಡಿಸಿ, ಬೆಂಚಿನ ಮೇಲೆ ಕೂತಿದ್ದ ಪತ್ನಿಯ ಬಳಿ ಹೋದರು. “ನಿನ್ನ ಗಂಟು ಗಾಜಿನಂಗ ಆಗಾಕತ್ತೈತಂತ. ನಾಳೆ ಡಾಕ್ಟರು ಆರಪಾರ ನೋಡ್ತಾರಂತ.”

“ನಲವತ್ತ ವರ್ಷ ಬಾಳೇವು ಮಾಡಿ ನಿಮಗ ನಾ ತಿಳೀಲಿಲ್ಲ. ಅವ್ರಿಗೆ ಒಂದ ದಿನದಾಗ ತಿಳೀತೇನು?” ಎಂದು ಆಕೆ ನಕ್ಕರು. ಅವರೂ ನಕ್ಕರು, ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡರು.

ಮರುದಿನ ವರದಿ ಬಂತು. ಕ್ಯಾನ್ಸರ್ ಇರಲಿಲ್ಲ. ಅದನ್ನು ಕೇಳಿದ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು.

ಅಲ್ಲಿಯವರೆಗೆ ಚೂರುಗಳಿರುವ ಬಾಟಲಿಗಳ ಮೇಲಿನ ನಂಬರುಗಳಷ್ಟೇ ನನಗೆ ಗೊತ್ತಿದ್ದವು. ಈಗ ಯಾರಾದರೂ ವರದಿ ಕೇಳಲು ಬಂದರೆ, ಕಿಟಕಿಯಿಂದಲೇ ‘ನಾಳೆ ಬನ್ನಿ’ ಎಂದು ಕಳಿಸಿಬಿಡಲು ಮನಸ್ಸಾಗುವುದಿಲ್ಲ.