ಅಕ್ಕ ಆರಿಸಿದ ಕ್ಯಾಮೆರಾ

ಊರಿಗಾಂನಲ್ಲಿ, ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ನಮ್ಮ ಲೈನಿನಲ್ಲಿ, ಮದುವೆ ಫೋಟೋ ತೆಗೆಯುವ ಅಕ್ಕ ಒಬ್ಬಳಿದ್ದಳು. ಯಾವ ಮಾತಿಗೂ "ಇರೋದು ಇದ್ದಂಗೆ ಬರ್ಲಿ" ಅನ್ನುವಳು. ವೀಡಿಯೊ ಕೂಡ ತೆಗೆಯುವ ಹೊಸ ಕ್ಯಾಮೆರಾ ನೋಡಲು ಬಂಗಾರಪೇಟೆಗೆ ಹೊರಟಾಗ ನನ್ನನ್ನೂ ರೈಲು ಹತ್ತಿಸಿದಳು. ಆ ವಾರವಷ್ಟೇ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಯಾವುದೋ ಸ್ಟುಡಿಯೊದವರು ಬೆಳ್ಳಗೆ ಮಾಡಿದ್ದ ನನ್ನ ಫೋಟೋ ಹಿಡಿದು, ನನ್ನೆದುರೇ "ಹುಡ್ಗಿ ಎಲ್ಲಿ?" ಎಂದು ಕೇಳಿದ್ದರು.

ಅಂಗಡಿಯವನು ನನ್ನ ಫೋಟೋ ತೆಗೆದು ತೋರಿಸಿದ. ಅದರಲ್ಲೂ ನಾನು ಬೆಳ್ಳಗಿದ್ದೆ.

"ಇವಳ್ಯಾರು?" ಅಂದಳು ಅಕ್ಕ.

"ಮುಖ ಬೆಳ್ಳಗೆ ಮಾಡೋ ಸೆಟ್ಟಿಂಗ್ ಮೇಡಂ. ಮದ್ವೆಯೋರು ಅದನ್ನೇ ಕೇಳ್ತಾರೆ."

"ಕೇಳೋರು ಬೇರೆಯೋರ್ನ ಕರ್ಕೊಳ್ಲಿ."

ಕ್ಯಾಮೆರಾ ಇಸಿದುಕೊಂಡು ಆ ಸೆಟ್ಟಿಂಗ್ ತೆಗೆದಳು. ಲೈನಿನ ಮನೆಗಳಿಗೆ ಒಂದೇ ಕಿಟಕಿ, ಒಳಗೆಲ್ಲ ಮಬ್ಬು; ಅದಕ್ಕೇ ನನ್ನನ್ನು ಅಂಗಡಿಯ ಕತ್ತಲ ಮೂಲೆಯಲ್ಲಿ ನಿಲ್ಲಿಸಿ ಫೋಟೋ ತೆಗೆದಳು, ನಡೆಸಿ ವೀಡಿಯೊ ಮಾಡಿದಳು. ನಡೆಯುವಾಗ ಫೋಕಸ್ ಎರಡು ಸಲ ತಪ್ಪಿತು.

"ಫೋಕಸ್ ಕೈಯಲ್ಲೇ ತಿರುಗಿಸ್ಕೊಂತೀನಿ. ಬಣ್ಣ ಸರಿಯಾಗೈತೆ," ಎಂದು ಅದನ್ನೇ ಕೊಂಡಳು.

ನಮ್ಮ ಮನೆಯಲ್ಲಿ ಅಕ್ಕ ತೆಗೆದ ಆ ಫೋಟೋ ನೋಡಿದ ಅಮ್ಮ, "ಗಂಡಿನ ಕಡೆಯೋರಿಗೆ ಇದನ್ನ ಕಳ್ಸಿದ್ರೆ ಯಾರು ಬತ್ತಾರೆ?" ಅಂದಳು.

ಅಕ್ಕ ಕ್ಯಾಮೆರಾದ ಗಾಜು ಒರೆಸುತ್ತಲೇ ಹೇಳಿದಳು: "ಬಂದ್ರೆ ಬತ್ತಾರೆ, ಬಿಟ್ರೆ ಬಿಡ್ತಾರೆ. ಬಂದೋರು ಮಾತ್ರ ಹುಡ್ಗಿ ಎಲ್ಲಿ ಅಂತ ಕೇಳಲ್ಲ."