ಮಹಾದೇವಿಯನ್ನು ಮೊದಲು ಕಂಡವರು

ಮಹಾದೇವಿಯ ಪ್ರತಿಭೆಯನ್ನು ಗುರುತಿಸಿದ್ದು ನಾನಲ್ಲ. ನಾನೇ ಎಂದು ಹದಿನೈದು ವರ್ಷ ಹೇಳಿಕೊಂಡು ಬಂದೆ — ಹಾಗೆಂದು ಬರೆದೆ, ಶಾಲು ಹೊದಿಸಿಕೊಂಡೆ, ಬರೆದದ್ದನ್ನೇ ಪಾಠ ಮಾಡಿದೆ. ಅವಳನ್ನು ಮೊದಲು ಕಂಡವರು ನಮ್ಮ ಶಾಲೆಯ ಆಯಾ ಶಾಂತಕ್ಕ. ಮರೆವಿನಿಂದ ಆದ ತಪ್ಪಲ್ಲ ಇದು. ಬರೆಯುವಾಗಲೂ ನನಗೆ ಗೊತ್ತಿತ್ತು.

ಆಗ ನಾನು ಬಿ.ಟಿ.ಎಂ. ಲೇಔಟಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಅಸಾಧಾರಣ ಬುದ್ಧಿಯ ಮಕ್ಕಳಿಗೆ ಕಲಿಸುವ ಶಿಕ್ಷಕರಿಗೆಂದೇ ಜೆ.ಪಿ. ನಗರದ ಕಾಲೇಜೊಂದರಲ್ಲಿ ಎರಡು ವರ್ಷದ ಸ್ನಾತಕೋತ್ತರ ತರಬೇತಿ ಶುರುವಾಗಿತ್ತು. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ತರಗತಿ. ನಲವತ್ತರ ಹತ್ತಿರದ ನಾನು ಪದ್ಮನಾಭನಗರದಿಂದ ಸ್ಕೂಟರಿನಲ್ಲಿ ಹೋಗಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ. ಜಾಣ ಮಗುವೆಂದರೆ ಬೇಗ ಕೈ ಎತ್ತುವ ಮಗು ಎಂದು ನಂಬಿದ್ದವಳು ನಾನು. ಅಲ್ಲಿ ಹೇಳಿಕೊಟ್ಟದ್ದೇ ಬೇರೆ — ಅಂಥ ಮಗು ಬೇಸರದಿಂದ ಕಿಟಕಿ ನೋಡುತ್ತ ಕೂತಿರಬಹುದು, ಪರೀಕ್ಷೆಯಲ್ಲಿ ಫೇಲಾಗಬಹುದು, ಬಾಯನ್ನೇ ಬಿಡದಿರಬಹುದು. ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡೆ. ಸೋಮವಾರ ಬೆಳಿಗ್ಗೆ ನನ್ನ ತರಗತಿಗೆ ಹೋಗಿ, ಕಿಟಕಿ ನೋಡುತ್ತ ಕೂತ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದೆ.

ಆ ಹುಡುಗಿಯೇ ಮಹಾದೇವಿ. ಐದನೇ ತರಗತಿ. ಬಾಗಲಕೋಟೆ ಕಡೆಯಿಂದ ಬಂದು ಬಾಡಿಗೆ ಮನೆ ಹಿಡಿದ ಕುಟುಂಬ. ತಂದೆ ಆಫೀಸೊಂದರ ಡ್ರೈವರ್, ತಾಯಿಗೆ ಪಿ.ಜಿ. ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ. "ಹೌದ್ರಿ", "ಇಲ್ರಿ" ಬಿಟ್ಟು ಅವಳ ಬಾಯಿಂದ ಬೇರೆ ಮಾತು ನಾನು ಕೇಳಿರಲಿಲ್ಲ. ಲೆಕ್ಕಕ್ಕೆ ಉತ್ತರ ಮಾತ್ರ ಬರೆಯುತ್ತಿದ್ದಳು, ಮಾಡಿದ ಕ್ರಮ ಬರೆಯುತ್ತಿರಲಿಲ್ಲ. ಪಕ್ಕದವರದು ನೋಡಿ ಬರೆದಿದ್ದಾಳೆಂದು ಎರಡು ಸಲ ಸೊನ್ನೆ ಕೊಟ್ಟಿದ್ದೆ.

ಅಮ್ಮ ಬರುವ ತನಕ ಸಂಜೆ ಹೊತ್ತು ಅವಳು ಶಾಂತಕ್ಕನ ಜೊತೆ ಇರುತ್ತಿದ್ದಳು. ಕಾರಿಡಾರ್ ಗುಡಿಸುತ್ತ ಶಾಂತಕ್ಕ ಒಂದು ದಿನ, "ಗುಡಿಸಿದ್ ಜಾಗಕ್ಕೇ ಮತ್ತೆ ಬರ್ಬೇಕು ನೋಡು, ಸೊಂಟ ಬಿದ್ದೋಗುತ್ತೆ" ಅಂದರಂತೆ. ಮಗು ಆ ಮಾತನ್ನು ಬಿಡಲಿಲ್ಲ.

ವಾರ ಕಳೆದಿರಬೇಕು. ಶಾಂತಕ್ಕ ಸ್ಟಾಫ್ ರೂಮಿಗೆ ಬಂದು, "ಮೇಡಂ, ಒಂದ್ನಿಮಿಷ ಬರ್ತೀರಾ? ಮಹಾದೇವಿ ನೆಲದ್ ಮೇಲೆ ಏನೋ ಬರ್ದವಳೆ. ಒರೆಸೋಕೆ ಮನಸ್ಸು ಬರ್ತಿಲ್ಲ" ಎಂದರು. "ಒರೆಸ್ಬಿಡಿ" ಎಂದೆ, ತಲೆ ಎತ್ತದೆ. ಮರುದಿನ ಮತ್ತೆ ಬಂದರು. ಯಾರೂ ತುಳಿಯದಿರಲಿ ಎಂದು ಅಲ್ಲಿಗೆ ಬೆಂಚು ಅಡ್ಡ ಇಟ್ಟಿದ್ದಾರೆ ಎಂದು ಗೊತ್ತಾಯಿತು. ಮೂರನೆಯ ದಿನ ಹೋದೆ — ಇವರ ಕಾಟ ತಪ್ಪಲಿ ಎಂದು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಶಾಲೆ ಇತ್ತು. ಕಾರಿಡಾರುಗಳು ಗೆರೆ, ಅವು ಕೂಡುವ ಮೂಲೆಗಳು ಚುಕ್ಕಿ. ಮಹಾದೇವಿ ನನ್ನ ಮುಖ ನೋಡಲಿಲ್ಲ, ಶಾಂತಕ್ಕನಿಗೇ ಹೇಳಿದಳು: "ನಾಕು ಮೂಲ್ಯಾಗ ಮೂರು ಮೂರು ದಾರಿ ಕೂಡ್ತಾವ್ರಿ. ಅಂಥಾವು ಎರಡಕ್ಕಿಂತ ಜಾಸ್ತಿ ಇದ್ರ ಹೋದ ದಾರೀಗೆ ಮತ್ತ ಬರಾಕಬೇಕು. ಲೈಬ್ರರಿ ಮುಂದಿಂದು ಒಂದು ಬ್ಯಾರೆ ಗುಡಿಸ್ರಿ, ಉಳಿದದ್ದು ಒಂದ ಸುತ್ತಿನ್ಯಾಗ ಮುಗೀತೈತಿ."

ಗಣಿತದಲ್ಲಿ ಇದೊಂದು ಹೆಸರಾದ ನಿಯಮ, ನಾನು ಅದನ್ನು ಓದಿದ್ದು ಎಂ.ಎಸ್ಸಿ.ಯಲ್ಲಿ. ಹತ್ತು ವರ್ಷದ ಮಗು ಒಬ್ಬರ ಸೊಂಟನೋವು ಕಡಿಮೆ ಮಾಡಲು ಹೊರಟು, ಯಾರೂ ಹೇಳಿಕೊಡದೆ ಅಲ್ಲಿಗೆ ತಲುಪಿತ್ತು.

ತರಬೇತಿಯ ಕೊನೆಯಲ್ಲಿ ನಾವೆಲ್ಲರೂ ಒಂದೊಂದು ಮಗುವಿನ ಕೇಸ್ ಸ್ಟಡಿ ಬರೆಯಬೇಕಿತ್ತು. "ಒಂದು ಸಂಜೆ ಕಾರಿಡಾರಿನಲ್ಲಿ ಹೋಗುತ್ತಿದ್ದಾಗ ಆ ಚಿತ್ರ ನನ್ನ ಕಣ್ಣಿಗೆ ಬಿತ್ತು" ಎಂದು ಶುರು ಮಾಡಿದೆ. ಸೊನ್ನೆಗಳಿರಲಿಲ್ಲ ಅದರಲ್ಲಿ, ಬೆಂಚಿರಲಿಲ್ಲ, ಶಾಂತಕ್ಕ ಇರಲಿಲ್ಲ. ವೈವಾ ಪರೀಕ್ಷೆಯ ದಿನ ನಮ್ಮ ಹಿರಿಯ ಪ್ರೊಫೆಸರು ಕನ್ನಡಕ ತೆಗೆದು ಕೇಳಿದರು: "ಮೊದಲು ಗಮನಿಸಿದ್ದು ಯಾರಮ್ಮ? ಎಲ್ಲರನ್ನೂ ಕೇಳ್ತೀನಿ ಇದನ್ನ. ಅಜ್ಜಿ, ಬಸ್ಸಿನ ಡ್ರೈವರು — ಯಾರಾದ್ರೂ ಇದ್ದೇ ಇರ್ತಾರೆ."

ನಿಜ ಹೇಳಲು ಅವರು ಬಾಗಿಲು ತೆರೆದೇ ಇಟ್ಟಿದ್ದರು.

"ನಾನೇ ಸಾರ್. ಬೇರೆ ಯಾರೂ ಇಲ್ಲ."

ಯಾಕೆ ಹಾಗೆಂದೆ? ತರಬೇತಿ ಪಡೆದ ನನಗೆ ಕಾಣದ್ದು ಪೊರಕೆ ಹಿಡಿದವರಿಗೆ ಕಂಡಿತೆಂದು ಹೇಳಲು — ಬೇಡ, ಆ ವಾಕ್ಯ ಪೂರ್ತಿ ಮಾಡಿದರೂ ಸಣ್ಣವಳಾಗುವುದು ನಾನೇ.

ಆಮೇಲಿನದೆಲ್ಲ ಒಳ್ಳೆಯದೇ ಆಯಿತು. ಸುಳ್ಳು ಉಳಿದುಕೊಂಡದ್ದೂ ಅದಕ್ಕೇ. ಮಹಾದೇವಿ ಗಣಿತದ ಪಾಠಕ್ಕೆ ಎಂಟನೇ ತರಗತಿಯಲ್ಲಿ ಕೂತಳು. ಪ್ರೊಫೆಸರೇ ಭಾನುವಾರಗಳಲ್ಲಿ ಅವಳಿಗೆ ಹೇಳಿಕೊಟ್ಟರು. ಶಾಲೆಯಲ್ಲಿ ನನಗೆ ಸನ್ಮಾನವಾಯಿತು. ಕೆಲವು ವರ್ಷಗಳಲ್ಲಿ ಅದೇ ತರಬೇತಿಯಲ್ಲಿ ನಾನೇ ಪಾಠ ಮಾಡತೊಡಗಿದೆ, ನನ್ನ ಕೇಸ್ ಸ್ಟಡಿ ಅಲ್ಲಿ ಪಠ್ಯವಾಯಿತು. ನನ್ನ ಹತ್ತಿರ ಕಲಿತು ಹೋದ ಟೀಚರುಗಳು ಫೋನ್ ಮಾಡಿ, "ಮೇಡಂ, ನನ್ನ ಕ್ಲಾಸಲ್ಲೂ ಒಬ್ಳು ಸಿಕ್ಕಿದಾಳೆ" ಎನ್ನುವಾಗ ಎದೆ ತುಂಬಿ ಬರುತ್ತಿತ್ತು. ಈಗಲೂ ಬರುತ್ತದೆ. ಇಂಥ ಸುಳ್ಳಿನ ಮೇಲೆ ನಿಂತವಳಿಗೆ ಹೆಮ್ಮೆಯೇ ಎಂದು ನೀವು ಕೇಳಬಹುದು. ಹೆಮ್ಮೆ ಇಲ್ಲವೆಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಹೋದ ವರ್ಷ ಹೊಸ ತಂಡದ ಹಾಜರಿ ಕೂಗುವಾಗ ಮಹಾದೇವಿಯ ಹೆಸರು ಬಂತು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಎಲ್ಲಿ ಬೇಕಾದರೂ ಹೋಗಬಹುದಾಗಿದ್ದವಳು ಶಾಲೆಯ ಟೀಚರಾಗಿ, ಈಗ ಇಂಥ ಮಕ್ಕಳಿಗೆ ಕಲಿಸುವುದನ್ನು ಕಲಿಯಲು ಬಂದಿದ್ದಳು. ಮೊದಲು ಸಂತೋಷವಾಯಿತು, ಆಮೇಲೆ ಭಯ. ಕೇಸ್ ಸ್ಟಡಿಯ ಪಾಠ ಬಂದೇ ಬಂತು. ಅವಳ ಹೆಸರನ್ನು ಬದಲಿಸಿದ್ದೆ, ಚಿತ್ರ ಅವಳದೇ. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಅವಳು ಹಾಳೆ ಹಿಡಿದು ಬಂದಳು.

"ಚೆನ್ನಾಗ್ ಬರ್ದಿದೀರಿ ಮೇಡಂ. ಇದ್ರಲ್ಲಿ ಶಾಂತಕ್ಕ ಎಲ್ಲಿ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಹುಡುಕಿದ್ದಳು.

"ಇಲ್ಲ" ಎಂದೆ.

"ಅವ್ರು ಬೆಂಚು ಅಡ್ಡ ಇಟ್ರಲ್ಲ ಮೇಡಂ — ನಂಗೆ ಆ ಲೆಕ್ಕಕ್ಕಿಂತ ಅದೇ ಜಾಸ್ತಿ ನೆನಪಿರೋದು. ಟೀಚರ್ ಆಗ್ಬೇಕು ಅನ್ಸಿದ್ದು ಅವತ್ತೇ."

ಎಷ್ಟೋ ಟೀಚರುಗಳು ಓದಿದ ಆ ಹಾಳೆಗಳಲ್ಲಿ ಏನು ಕಾಣೆಯಾಗಿದೆ ಎಂದು ಅವಳೊಬ್ಬಳೇ ಕೇಳಿದಳು. ತಲೆ ತಗ್ಗಿಸಿ ನಿಂತಿದ್ದ ಆ ಗಳಿಗೆಯಲ್ಲೂ ನನಗೆ ಅವಳ ಬಗ್ಗೆ ಹೆಮ್ಮೆಯೆನಿಸಿತು.

ಆ ವಾರವೇ ಬಿಳೇಕಹಳ್ಳಿಗೆ ಹೋದೆ. ಶಾಂತಕ್ಕ ನಿವೃತ್ತರಾಗಿ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರೆಕಾಯಿ ಸುಲಿಯುತ್ತ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಗೊತ್ತು ಮೇಡಂ. ನಿಮ್ ಸನ್ಮಾನದಲ್ಲಿ ಕಾಫಿ ಕೊಡ್ತಾ ನಾನೂ ಅಲ್ಲೇ ಇದ್ನಲ್ಲ. ಮೈಕಲ್ಲಿ ಹೇಳಿದ್ದೆಲ್ಲ ಕೇಳುಸ್ತು. ಮಗೂಗೆ ಒಳ್ಳೇದಾಯ್ತಲ್ಲ, ಬಿಡಿ."

ಅಷ್ಟಕ್ಕೇ ನಾನು ಎದ್ದು ಬಂದಿದ್ದರೆ ಹಗುರಾಗಿ ಬರುತ್ತಿದ್ದೆ. ಅವರು ಮುಂದುವರಿಸಿದರು.

"ಆದ್ರೆ ರೇಷ್ಮಾ ಅಂತ ಇನ್ನೊಂದು ಮಗು ಇತ್ತು. ನಾಲ್ಕನೇ ಕ್ಲಾಸು. ತನ್ದೇ ಒಂದು ಭಾಷೆ ಮಾಡ್ಕೊಂಡಿದ್ಲು, ಅದಕ್ಕೆ ಅಕ್ಷರಾನೂ ಬರ್ದಿದ್ಲು, ಒಂದು ನೋಟ್‌ಬುಕ್ ತುಂಬಾ. ಆ ಸನ್ಮಾನ ಆದ್ಮೇಲೆ ಅದನ್ನ ನಿಮ್ ಹತ್ರ ತಗೊಂಡ್ ಬಂದೆ. 'ನಿಮ್ ಕೆಲಸ ನೀವು ನೋಡ್ಕೊಳ್ಳಿ ಶಾಂತಕ್ಕ' ಅಂದ್ರಿ. ಅವತ್ತಿಂದ ನಾನು ಯಾರ್ನೂ ಕರ್ಕೊಂಡ್ ಬರ್ಲಿಲ್ಲ."

ಮರೆತಿದ್ದೆ ಎನ್ನಲಾರೆ. ಎರಡನೆಯ ಮಗುವನ್ನೂ ಅವರೇ ಗುರುತಿಸಿದರೆಂದು ತಿಳಿದರೆ, ಮೊದಲನೆಯದನ್ನು ಗುರುತಿಸಿದವರು ಯಾರೆಂದು ಜನ ಕೇಳುತ್ತಾರೆ — ಆ ಭಯಕ್ಕೇ ಹಾಗಂದಿದ್ದೆ. ಮರುವರ್ಷ ರೇಷ್ಮಾ ಶಾಲೆ ಬಿಟ್ಟು ಹೋದಳಂತೆ. ಎಲ್ಲಿಗೆಂದು ಶಾಂತಕ್ಕನಿಗೂ ಗೊತ್ತಿಲ್ಲ. "ಮಗೂಗೆ ಒಳ್ಳೇದಾಯ್ತಲ್ಲ" ಎಂದು ಅವರು ಉದಾರವಾಗಿ ಕೊಟ್ಟ ಸಮಾಧಾನ ಈ ಮಗುವಿನ ಮುಂದೆ ನಿಲ್ಲುವುದಿಲ್ಲ. ಅದನ್ನು ನಾನು ತೆಗೆದುಕೊಳ್ಳುವುದೂ ಇಲ್ಲ.

ಈ ವರ್ಷ ಕೇಸ್ ಸ್ಟಡಿಯನ್ನು ಮೊದಲಿಂದ ಬರೆದೆ, ಸೊನ್ನೆಗಳನ್ನೂ ಸೇರಿಸಿ. ಕಾಲೇಜಿನವರಿಗೆ ನಡೆದದ್ದನ್ನು ಬರೆದುಕೊಟ್ಟೆ. ಅವರು ಏನು ತೀರ್ಮಾನಿಸಿದರೂ ಒಪ್ಪುತ್ತೇನೆ. ಒಂದು ಶನಿವಾರ ಶಾಂತಕ್ಕ ತರಗತಿಗೆ ಬಂದರು. ಟೀಚರುಗಳೆಲ್ಲ ಎದ್ದು ನಿಂತರು. ಮಕ್ಕಳನ್ನು ಹೇಗೆ ಕಂಡುಹಿಡಿಯುತ್ತಿದ್ದಿರಿ ಎಂದು ಒಬ್ಬರು ಕೇಳಿದ್ದಕ್ಕೆ ಶಾಂತಕ್ಕ, "ಯಾರೂ ನೋಡ್ತಿಲ್ಲ ಅಂದ್ಕೊಂಡಾಗ ಮಕ್ಳು ಏನ್ ಮಾಡ್ತವೆ, ಅದನ್ನ ನೋಡ್ಬೇಕು" ಎಂದರು. ಮಹಾದೇವಿ ಬರೆದುಕೊಂಡಳು. ನಾನೂ ಬರೆದುಕೊಂಡೆ.

ಶಾಲೆಯ ಹಳೆಯ ದಾಖಲೆಯಲ್ಲಿ ಸಿಕ್ಕ ರೇಷ್ಮಾಳ ವಿಳಾಸಕ್ಕೆ ಹೋಗಿ ಬಂದೆ. ಅಲ್ಲಿ ಈಗ ಬೇರೆಯವರಿದ್ದಾರೆ. ಅಕ್ಕಪಕ್ಕದಲ್ಲಿ ವಿಚಾರಿಸುತ್ತಿದ್ದೇನೆ, ಇನ್ನೂ ಒಂದೆರಡು ಕಡೆ ಹೋಗುವುದಿದೆ. ರೇಷ್ಮಾ ಸಿಕ್ಕರೆ ಅವಳಿಗೆ ಹೇಳಬೇಕಾದದ್ದು ಒಂದೇ ಮಾತು — ನಿನ್ನ ಅಕ್ಷರಗಳನ್ನು ಶಾಂತಕ್ಕ ನನ್ನ ಮೇಜಿನ ತನಕ ತಂದಿದ್ದರು, ತಾಯಿ. ನಾನು ನೋಟ್‌ಬುಕ್ ತೆರೆಯಲಿಲ್ಲ.